ಮೇಲಿನ ರೂಮಿನ ಚಳಿ

ನಮ್ಮ ಮನೆಯ ಬಾಯ್ಲರ್‌ಗೆ ವಯಸ್ಸಾಯಿತು ಎಂದು ಮೊದಲು ಹೇಳಿದವಳು ನಾನೇ. ಸ್ನಾನದ ನೀರನ್ನೂ ರೂಮು ಬೆಚ್ಚಗಿಡುವ ರೇಡಿಯೇಟರುಗಳ ನೀರನ್ನೂ ಕಾಯಿಸುವ ಅದು, ಅಟ್ಟದ ಮೂಲೆಯಲ್ಲಿ ಕೂತು ಬೆಳಗಾದರೆ ಗೊರಗೊರ ಎನ್ನುತ್ತಿತ್ತು. ತಲೆಗೆ ಶಾಂಪೂ ಹಾಕಿಕೊಂಡು ನಿಂತ ಹೊತ್ತಿಗೇ ಸರಿಯಾಗಿ ನೀರು ತಣ್ಣಗಾಗುತ್ತಿತ್ತು. ನನ್ನ ಗಂಡನಿಗೆ ಇದೆಲ್ಲ ಕಿವಿಗೇ ಬೀಳುವುದಿಲ್ಲ. ಡಚ್ಚರ ದೇಶದ ಡೀಮೆನ್‌ನಲ್ಲಿ ಈ ಸಾಲುಮನೆ ತೆಗೆದುಕೊಂಡ ಮೇಲೆ ಅವರು ಡಚ್ಚರಿಗಿಂತ ದೊಡ್ಡ ಡಚ್ಚರಾಗಿಬಿಟ್ಟಿದ್ದಾರೆ. ಚಳಿ ಎಂದರೆ ಥರ್ಮೋಸ್ಟಾಟಿನ ಹತ್ತಿರ ಹೋಗುವುದಿಲ್ಲ, ಸ್ವೆಟರ್ ತಂದುಕೊಡುತ್ತಾರೆ. ಇನ್ನೂ ಚಳಿ ಎಂದರೆ ಇನ್ನೊಂದು ಸ್ವೆಟರ್.

ಆದರೆ ನಾನು ಹೊಸದು ಬೇಕೆಂದು ಹಟ ಹಿಡಿದದ್ದು ಸ್ನಾನದ ನೀರಿಗಲ್ಲ, ಮಗಳ ರೂಮಿಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಓದಲು ಮಾಸ್ಟ್ರಿಕ್ಟ್‌ಗೆ ಹೋದಳು. ದೇಶದ ಈ ತುದಿಯಿಂದ ಆ ತುದಿ ಎನ್ನುತ್ತಾರೆ ಇಲ್ಲಿಯವರು. ನಮ್ಮ ಕಡೆ ಅಷ್ಟು ದೂರ ಮದುವೆಯೂಟಕ್ಕೆ ಹೋಗಿ ಸಂಜೆಗೆ ವಾಪಸು ಬರುತ್ತೇವೆ. ಮೊದಮೊದಲು ಪ್ರತಿ ಶುಕ್ರವಾರ ಬಂದಳು. ಆಮೇಲೆ ಒಂದು ವಾರ ಬಿಟ್ಟು ಒಂದು ವಾರ. ಆಮೇಲೆ "ಮುಂದಿನ ವಾರ ಅಮ್ಮಾ" ಎನ್ನುವುದು ಶುರುವಾಯಿತು. ನವೆಂಬರಿನಲ್ಲಿ ಒಂದು ದಿನ, ಯಾಕೆ ಬರಲ್ಲ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ತುಂಬಾ ಅಸೈನ್‌ಮೆಂಟ್ಸ್ ಇದೆ ಅಮ್ಮಾ. ಅಲ್ದೆ ಅಲ್ಲಿ ನನ್ ರೂಮ್ ಫ್ರೀಝಿಂಗ್ ಅಲ್ವಾ," ಎಂದು ನಕ್ಕಳು.

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಪ್ರೈಮರಿ ಸ್ಕೂಲಿನ ಕಾಲದಿಂದ ಆ ಹುಡುಗಿ ಹೇಳುತ್ತಿದ್ದ ಮಾತದು. ದಿನಾ ಸ್ಕೂಲಿನಿಂದ ಬಂದು ಮೇಲೆ ಹೋಗುವಳು, ಸ್ವಲ್ಪ ಹೊತ್ತಿಗೆ ಹೊದಿಕೆ ಹೊದ್ದು, ಪುಸ್ತಕ ಅವಚಿಕೊಂಡು ಮೆಟ್ಟಿಲಿಳಿದು ಬರುವಳು. "ಅಮ್ಮಾ, ಮೈ ರೂಮ್ ಈಸ್ ಫ್ರೀಝಿಂಗ್." ಹಾಲಿನ ಕಿಟಕಿಯ ಕೆಳಗೆ ಒಂದು ಹಳೆಯ ಉದ್ದನೆಯ ರೇಡಿಯೇಟರ್ ಇದೆ. ಅದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ನೆಲದ ಮೇಲೆ ಕೂರುವಳು. ಅಲ್ಲೇ ಹೋಂವರ್ಕು, ಅಲ್ಲೇ ಹಾಲು, ಅಲ್ಲೇ ಜಗಳ. ನಾನು ಅದೇ ಹಾಲಿನ ಇನ್ನೊಂದು ತುದಿಯ ಅಡುಗೆ ಕಟ್ಟೆಯ ಮುಂದೆ ನಿಂತು ಹುಳಿಗೆ ಹೋಳು ಹೆಚ್ಚುತ್ತಿದ್ದರೆ ಹಿಂದಿನಿಂದ ನನ್ನ ಡಚ್ ತಿದ್ದುವಳು. ಡಚ್ಚಿನ 'ಜಿ' ಅಕ್ಷರಕ್ಕೆ ನಾನು 'ಹ' ಎಂದರೆ "ಹ ಅಲ್ಲ ಅಮ್ಮಾ, ಗಂಟಲಿಂದ" ಎಂದು ಕಫ ತೆಗೆಯುವ ಹಾಗೆ ಸದ್ದು ಮಾಡಿ ತೋರಿಸುವಳು. "ಅಷ್ಟು ಚೆನ್ನಾಗಿರೋ ಟೇಬಲ್ ಕೊಡ್ಸಿದ್ದು ಯಾಕೆ, ಮೇಲೆ ಹೋಗಿ ಓದ್ಕೊಳ್ಳೇ" ಎಂದು ನಾನು ಗದರಿದರೆ ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುವಳು.

ಮಗು ನಡುಗುತ್ತಿದೆ ಎಂದು ನಾನು ಸುಮ್ಮನೆ ಕೂತಿರಲಿಲ್ಲ. ಅವಳ ಕಿಟಕಿಯ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿದೆ, ದಪ್ಪನೆಯ ಪರದೆ ಹೊಲಿಸಿದೆ, ಬಿಸಿನೀರಿನ ಚೀಲ ಕೊಟ್ಟೆ. ಒಗೆದ ಬಟ್ಟೆ ಇಡಲು ಹೋದಾಗೆಲ್ಲ ರೇಡಿಯೇಟರ್ ಮುಟ್ಟಿ ನೋಡಿದರೆ ಕಲ್ಲಿನಂತೆ ತಣ್ಣಗಿರುತ್ತಿತ್ತು. ಪಕ್ಕದ ನಾಬಿನಲ್ಲಿ ಒಂದರಿಂದ ಐದರವರೆಗೆ ಅಂಕಿಗಳು, ಅವುಗಳ ಜೊತೆಗೆ ಒಂದು ನಕ್ಷತ್ರ. ಅದು ಯಾವಾಗಲೂ ನಕ್ಷತ್ರದಲ್ಲೇ ಇರುತ್ತಿತ್ತು. ನಕ್ಷತ್ರ ಎಂದರೆ ಐದಕ್ಕೂ ಮೇಲೆ, ಫುಲ್ಲು ಎಂದುಕೊಂಡಿದ್ದೆ. ಫುಲ್ಲಿಗಿಟ್ಟರೂ ಬಿಸಿ ಬರದಿದ್ದರೆ ಅದು ಬಾಯ್ಲರಿನ ಕೇಡಲ್ಲದೆ ಇನ್ನೇನು ಎಂದು ಅಟ್ಟದ ಕಡೆ ನೋಡಿ ಬೈದುಕೊಳ್ಳುತ್ತಿದ್ದೆ.

ಈಗ ಅವಳಿಲ್ಲದ ಹಾಲಿನಲ್ಲಿ ಸಂಜೆ ಕಳೆಯುವುದೇ ಕಷ್ಟವಾಗಿತ್ತು. ಅಭ್ಯಾಸಬಲ, ಒಗ್ಗರಣೆ ಹಾಕುತ್ತಾ ಏನೋ ಹೇಳಿಬಿಡುತ್ತಿದ್ದೆ. ಹಿಂದಿನಿಂದ ಉತ್ತರ ಬರುತ್ತಿರಲಿಲ್ಲ. ಸಾಸಿವೆ ಸಿಡಿದು ಸುಮ್ಮನಾದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಆ ರೂಮನ್ನು ಒಮ್ಮೆ ಬೆಚ್ಚಗೆ ಮಾಡಿಬಿಟ್ಟರೆ ಅವಳು ಬರುತ್ತಾಳೆ, ಬಂದರೆ ನಾಲ್ಕು ದಿನ ನಿಲ್ಲುತ್ತಾಳೆ ಎಂದು ನನ್ನ ತಲೆಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಗಂಡ ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಪಂಡಿತರಾದರು. ಗ್ಯಾಸ್ ಪೂರ್ತಿ ಕಿತ್ತುಹಾಕಿ ಎಲ್ಲ ಕರೆಂಟಿನದೇ ಮಾಡಿಸುವುದು ಒಂದು ದಾರಿ; ಅದಕ್ಕೆ ದೊಡ್ಡ ಯಂತ್ರ, ದೊಡ್ಡ ಟ್ಯಾಂಕು, ದೊಡ್ಡ ಖರ್ಚು. ಇನ್ನೊಂದು ಹೈಬ್ರಿಡ್. ಹಿತ್ತಿಲಲ್ಲಿ ಏಸಿಯ ಡಬ್ಬದಂಥದ್ದೊಂದು ಹೀಟ್ ಪಂಪ್ ಕೂರುತ್ತದೆ, ಹೊರಗಿನ ಗಾಳಿಯಲ್ಲಿ ಇರುವ ಅಷ್ಟಿಷ್ಟು ಬಿಸಿಯನ್ನೇ ಹೀರಿ ಮನೆಯೊಳಗೆ ಬಿಡುತ್ತದೆ. ಹೆಪ್ಪುಗಟ್ಟುವ ಚಳಿ ಬಿದ್ದ ದಿನ ಅದರ ಕೈಲಾಗುವುದಿಲ್ಲ, ಆಗ ಅಟ್ಟದ ಗ್ಯಾಸ್ ಬಾಯ್ಲರ್ ಹೊತ್ತಿಕೊಂಡು ಕೈಜೋಡಿಸುತ್ತದೆ. ನಮ್ಮ ಕೈಗೆ ಎಟುಕುವುದು ಇದೇ, ಇದಕ್ಕೆ ಸಬ್ಸಿಡಿಯೂ ಇದೆ ಎಂದರು. ಅಲ್ಲಿಗೆ ನಾನೂ ಒಪ್ಪಿದೆ. ಜಗಳ ಹತ್ತಿದ್ದು ಎಷ್ಟು ದೊಡ್ಡದು ಎಂಬಲ್ಲಿ.

"ಎಲ್ಲಕ್ಕಿಂತ ಚಿಕ್ಕದೇ ಸಾಕು ಕಣೇ," ಎಂದರು. "ಇರೋದು ಇಬ್ಬರು. ಅವಳ ರೂಮ್ ಕ್ಲೋಸ್ ಮಾಡಿಟ್ರಾಯ್ತು."

"ಕ್ಲೋಸ್ ಮಾಡೋಕೆ ಅದೇನು ಅಂಗಡೀನಾ?" ಎಂದೆ.

"ಹಾಗಲ್ವೇ, ಖಾಲಿ ರೂಮಿಗೆ ಯಾಕೆ ಹೀಟಿಂಗು..."

"ಖಾಲಿ ಅನ್ಬೇಡಿ! ಎಷ್ಟು ವರ್ಷ ಮಗು ಆ ಐಸ್‌ಪೆಟ್ಟಿಗೇಲಿ ಮಲಗಿದೆ. ಈಗಾದ್ರೂ ಬೆಚ್ಚಗಿದ್ರೆ ಬರತ್ತೆ. ಮೂರು ಜನಕ್ಕೆ ಆಗೋವಂಥದ್ದೇ ತರ್ಸಿ, ಇಲ್ದಿದ್ರೆ ಬೇಡವೇ ಬೇಡ."

ಅವರು ಬಾಯಿ ಮುಚ್ಚಿಕೊಂಡರು. ಸೋತಾಗಲ್ಲ, ಆಮೇಲೆ ನೋಡಿಕೊಳ್ಳೋಣ ಅಂದುಕೊಂಡಾಗ ಅವರು ಹಾಗೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಮನೆ ನೋಡಿ ಅಳತೆ ಹೇಳಲು ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಮನುಷ್ಯ. ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು, ನಾನು ಕೊಟ್ಟ ಫಿಲ್ಟರ್ ಕಾಫಿಯನ್ನು ಅನುಮಾನದಿಂದ ಒಂದು ಗುಟುಕು ಕುಡಿದು, ಆಮೇಲೆ ಒಂದೇ ಏಟಿಗೆ ಮುಗಿಸಿದ. ಒಳ್ಳೆಯ ಸಿಸ್ಟಮ್ ಎಂದರೆ ಮನೆಯ ಯಾವ ಮೂಲೆಯಲ್ಲಿ ನಿಂತರೂ ಒಂದೇ ಹದ ಇರಬೇಕು, ಬಿಸಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗಬಾರದು ಎಂದ. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಇವನು ಒಂದು ದಿನವೂ ಮೈ ಕಾಯಿಸಿಕೊಂಡವನಲ್ಲ ಎಂದುಕೊಂಡೆ. ಮೈಸೂರಿನ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಹಂಡೆ ಒಲೆಯಿತ್ತು. ಡಿಸೆಂಬರಿನ ಬೆಳಿಗ್ಗೆ ಅಮ್ಮ ತೆಂಗಿನ ಚಿಪ್ಪು ಹಾಕಿ ಉರಿ ಎಬ್ಬಿಸಿದರೆ ನಾನೂ ನನ್ನ ತಂಗಿಯೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಮುಖ ಸುಡುವುದು, ಬೆನ್ನು ಕೊರೆಯುವುದು. ಅಮ್ಮನ ಸೆರಗಿನ ತುಂಬ ಹೊಗೆಯ ವಾಸನೆ. ಇದನ್ನು ಇವನಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಕೈಯಲ್ಲಿ ಬಿಸಿ ಅಳೆಯುವ ಉಪಕರಣ ಹಿಡಿದು ಅವನು ಒಂದೊಂದೇ ರೇಡಿಯೇಟರ್ ನೋಡುತ್ತಾ ಹೋದ. ಮಗಳ ರೂಮಿನ ಬಾಗಿಲು ತೆಗೆದು, "ಈ ರೂಮೇ ನೋಡಿ ನಮ್ಮ ತೊಂದರೆ, ಏನು ಮಾಡಿದರೂ ಬಿಸಿಯಾಗುವುದಿಲ್ಲ" ಎಂದೆ. ಅವನು ಬಗ್ಗಿ ನಾಬ್ ನೋಡಿದ.

"ಆಫ್ ಮಾಡಿಟ್ಟಿದ್ದೀರಲ್ಲ," ಎಂದ.

"ಆಫ್ ಎಲ್ಲಿ? ನಕ್ಷತ್ರದಲ್ಲಿದೆ."

"ಇದು ನಕ್ಷತ್ರವಲ್ಲ, ಹಿಮದ ಗುರುತು. ಪೈಪಿನ ನೀರು ಹೆಪ್ಪುಗಟ್ಟದಿರಲಿ ಅಂತ. ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ," ಎಂದು ನಾಬನ್ನು ಐದಕ್ಕೆ ತಿರುಗಿಸಿದ. ಒಳಗೆ ನೀರು ಹರಿಯುವ ಸದ್ದಾಯಿತು. ಅವನು ಅಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಿತ್ತು. "ಬಾಯ್ಲರ್ ಇದರ ನೆತ್ತಿಯ ಮೇಲೇ ಇದೆ, ಬಿಸಿನೀರು ಮೊದಲು ಬರೋದೇ ಇಲ್ಲಿಗೆ. ಇಡೀ ಮನೆಯಲ್ಲಿ ಅತಿ ಬೆಚ್ಚಗಿನ ರೂಮ್ ಇದು," ಎಂದ.

ನನಗೆ ಪಿತ್ತ ನೆತ್ತಿಗೇರಿತು. ಮುಚ್ಚಿದ್ದು ಯಾರು? ಈ ಮನೆಯಲ್ಲಿ ಇನ್ಯಾರು ಮುಚ್ಚುತ್ತಾರೆ? ಹೊರಗಿನವನ ಮುಂದೆ ಎನ್ನುವುದೂ ಮರೆತು ಗಂಡನ ಕಡೆ ತಿರುಗಿದೆ. "ಏನ್ರೀ, ಗ್ಯಾಸ್ ಉಳಿಸೋಕೆ ಹೆತ್ತ ಮಗಳನ್ನ ಚಳೀಲಿ ಮಲಗ್ಸಿದ್ರಾ? ನಿಮಗೆ ಮನುಷ್ಯತ್ವ ಇದ್ಯಾ?"

"ನಾನಲ್ಲ ಕಣೇ," ಎಂದರು. ಸುಳ್ಳು ಹೇಳುವ ಮುಖವಾಗಿರಲಿಲ್ಲ. "ನಾನು ಎಷ್ಟೋ ಸಲ ಮೂರಕ್ಕೆ ಇಟ್ಟಿದ್ದೀನಿ. ಮಾರನೇ ದಿನ ನೋಡಿದ್ರೆ ಮತ್ತೆ ಕ್ಲೋಸ್ ಆಗಿರ್ತಿತ್ತು. ನೀನೇ ಮಾಡ್ತಿದ್ದೀಯ ಅನ್ಕೊಂಡೆ."

"ನಾನಾ? ನಾನ್ಯಾಕೆ ಮುಚ್ಲಿ?"

ಅವರು ಇಂಜಿನಿಯರ್ ಕಡೆ ನೋಡಿದರು, ನೆಲ ನೋಡಿದರು. "ಅವಳು ಕೆಳಗೆ ಬಂದು ನಿನ್ನ ಕಣ್ಣೆದುರು ಕೂತ್ಕೊಳ್ಲಿ ಅಂತ. ಅದಕ್ಕೇ ಏನೂ ಕೇಳ್ಲಿಲ್ಲ."

ನಾನಲ್ಲ, ಅವರಲ್ಲ. ಮನೆಯಲ್ಲಿ ಇದ್ದದ್ದು ಮೂರೇ ಜನ.

ಅವಳ ಮಂಚದ ಮೇಲೆ ಕೂತುಬಿಟ್ಟೆ. ಸ್ಕೂಲಿನಿಂದ ಬಂದು ಮೇಲೆ ಹೋಗಿ, ಆ ನಾಬನ್ನು ತಿರುಗಿಸಿ, ಹೊದಿಕೆ ಹುಡುಕಿ ಹೊದ್ದು, ಮುಖದ ಮೇಲೆ ಚಳಿ ತಂದುಕೊಂಡು ಮೆಟ್ಟಿಲಿಳಿಯುತ್ತಿದ್ದ ಆ ಪುಟ್ಟ ಕಳ್ಳಿಯನ್ನು ನೆನೆದು ಅಳು ಉಕ್ಕಿ ಬಂತು. ಅಮ್ಮಾ, ನಿನ್ನ ಹತ್ತಿರ ಕೂರುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೇ? ಹತ್ತು ವರ್ಷದ ಹುಡುಗಿ ಹೇಳಿಯಾಳು, ಹದಿನಾರರ ಹುಡುಗಿ ಹೇಗೆ ಹೇಳುತ್ತಾಳೆ? ಚಳಿ ಎಂದರೆ ಯಾರೂ ಮರು ಪ್ರಶ್ನೆ ಕೇಳುವುದಿಲ್ಲ. ಇಂಜಿನಿಯರ್ ಪಾಪ, ಏನೋ ಅನಾಹುತ ಮಾಡಿದವನ ಹಾಗೆ ತನ್ನ ಉಪಕರಣವನ್ನೇ ನೋಡುತ್ತಾ ನಿಂತಿದ್ದ. ಗಂಡ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟರು.

ಆಮೇಲೆ ಎಲ್ಲ ಬೇಗ ತೀರ್ಮಾನವಾಯಿತು. ಚಿಕ್ಕ ಪಂಪೇ ಸಾಕು ಎಂದೆ. ಗಂಡನಿಗೆ ಖುಷಿಯಾಗಿತ್ತು, ಆದರೆ ತೋರಿಸುವ ಧೈರ್ಯವಿರಲಿಲ್ಲ. ಹೀಟ್ ಪಂಪಿನ ನೀರು ಅಷ್ಟು ಬಿಸಿಯಿರುವುದಿಲ್ಲ, ಆದ್ದರಿಂದ ಹಾಲಿನ ಹಳೆಯ ರೇಡಿಯೇಟರ್ ತೆಗೆದು ಫ್ಯಾನ್ ಇರುವ ಹೊಸದನ್ನು ಹಾಕಿದರೆ ಒಳ್ಳೆಯದು ಎಂದು ಇಂಜಿನಿಯರ್ ಸಲಹೆ ಕೊಟ್ಟ. ಅದಕ್ಕೆ ಬೆನ್ನು ಕೊಟ್ಟು ಕೂರಬಹುದೇ ಎಂದು ಕೇಳಿದೆ. ಕೂರಬಾರದು, ಗಾಳಿಗೆ ಅಡ್ಡವಾಗುತ್ತದೆ ಎಂದ. "ಹಾಗಾದರೆ ಹಳೆಯದನ್ನು ಮುಟ್ಟಬೇಡಿ," ಎಂದೆ. ಹೋಗುವಾಗ, ಹೊಸ ಸಿಸ್ಟಮ್ ಬಂದ ಮೇಲೆ ಯಾವ ರೂಮಿನ ನಾಬನ್ನೂ ಮುಚ್ಚಬೇಡಿ, ಎಲ್ಲ ಮೂರರಲ್ಲಿ ಇರಲಿ ಎಂದು ಹೇಳಿ ಹೋದ.

ಕ್ರಿಸ್ಮಸ್ಸಿಗೆ ಮುಂಚೆ ಹಿತ್ತಿಲಲ್ಲಿ ಬಿಳಿ ಡಬ್ಬ ಬಂದು ಕೂತಿತು. ಪಕ್ಕದ ಮನೆಯ ಅಜ್ಜಿ ಸದ್ದು ಬರುತ್ತದೇನೋ ಎಂದು ಬೇಲಿಗೆ ಕಿವಿಗೊಟ್ಟು ನಿಂತು, ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಹೋದರು. ಅಟ್ಟದ ಮುದಿ ಬಾಯ್ಲರ್ ಜಾಗಕ್ಕೆ ಹೊಸದೊಂದು ಬಂತು, ಆದರೆ ಮಳೆಯ ದಿನಗಳಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಮನೆಯೆಲ್ಲ ಒಂದೇ ಹದ, ಆ ಮನುಷ್ಯ ಹೇಳಿದ ಹಾಗೇ. ಹಾಲಿನ ರೇಡಿಯೇಟರ್ ಮುಟ್ಟಿದರೆ ಕುಡಿಯಲು ಮರೆತ ಕಾಫಿ ಲೋಟದಷ್ಟು ಬೆಚ್ಚಗೆ. ಮುಟ್ಟಿದಾಗೆಲ್ಲ ಅವಳೇ ನೆನಪಾಗುತ್ತಿದ್ದಳು. ಎಷ್ಟು ಬೈದಿದ್ದೆ ಅವಳನ್ನು, ಮೇಲೆ ಹೋಗು, ಮೇಲೆ ಹೋಗು ಎಂದು!

ಆಮೇಲೆ ಒಂದು ದಿನ ಬೆಳಗಾಗುವಷ್ಟರಲ್ಲಿ ಸೈಕಲ್ಲುಗಳ ಸೀಟಿನ ಮೇಲೆಲ್ಲ ಹಿಮದ ಬಿಳಿ ಪುಡಿ ಉದುರಿತ್ತು. ಸಂಜೆಗೆ ಅಟ್ಟದಲ್ಲಿ ಭುಸ್ ಎಂದು ಉರಿ ಹತ್ತಿಕೊಂಡಿತು. ಓಡಿಹೋಗಿ ಹಾಲಿನ ರೇಡಿಯೇಟರ್ ಮೇಲೆ ಅಂಗೈ ಇಟ್ಟೆ. ಬಿಸಿ, ಮೊದಲಿನ ಹಾಗೇ ಬಿಸಿ. ಅವಳ ಜಾಗದಲ್ಲಿ ಕೂತು ನೋಡೋಣ ಅನಿಸಿತು. ಮಂಡಿ ನೋವಿಗೆ ಅಯ್ಯೋ ಅಮ್ಮಾ ಎನ್ನುತ್ತಲೇ ನೆಲಕ್ಕಿಳಿದು ಬೆನ್ನು ಆನಿಸಿದೆ. ಇಷ್ಟು ವರ್ಷದಲ್ಲಿ ಅಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅಲ್ಲಿಂದ ಟಿವಿ ಕಾಣುವುದಿಲ್ಲ, ರಸ್ತೆ ಕಾಣುವುದಿಲ್ಲ. ನಾನು ನಿಂತು ಅಡುಗೆ ಮಾಡುವ ಜಾಗ ಕಾಣುತ್ತದೆ, ಅಷ್ಟೇ.

ಏಳಲಾಗದೆ ಅಲ್ಲೇ ಕೂತಿದ್ದಾಗ ಫೋನ್ ಬಂತು. ಅವಳೇ.

"ಅಮ್ಮಾ, ಅಪ್ಪ ಫೋಟೋ ಕಳ್ಸಿದ್ರು. ಹೊಸ ಹೀಟಿಂಗ್ ವರ್ಕ್ ಆಗ್ತಿದ್ಯಾ?"

"ಹೂಂ ಕಣೇ, ಆಗ್ತಿದೆ."

"ಓಕೆ." ಆಮೇಲೆ, ತಡೆದು ತಡೆದು, "ಸೋ... ನನ್ ರೂಮ್ ಈಗ ಬೆಚ್ಚಗಿರತ್ತಾ?"

ಊಟದ ಟೇಬಲ್ಲಿನಿಂದ ಗಂಡ ತಲೆಯೆತ್ತಿ ನನ್ನನ್ನೇ ನೋಡಿದರು.

"ಎಲ್ಲಿ ಬೆಚ್ಚಗೆ? ಇಷ್ಟು ಖರ್ಚು ಮಾಡಿದ್ರೂ ನಿನ್ ರೂಮ್ ಒಂದು ಸರಿಹೋಗ್ಲಿಲ್ಲ ನೋಡು," ಎಂದೆ. "ಆ ಮನುಷ್ಯನೂ ಕೈಚೆಲ್ಲಿ ಹೋದ. ನೀನು ಬಂದ್ರೆ ಕೆಳಗೇ ಕೂತ್ಕೋಬೇಕು ಪುಟ್ಟಿ, ಬೇರೆ ದಾರಿ ಇಲ್ಲ."

ಗಂಡ ಟೇಬಲ್ ಬಿಟ್ಟು ಎದ್ದು ನನ್ನ ಹತ್ತಿರ ಬಂದರು.

"ಪರ್ವಾಗಿಲ್ಲ ಅಮ್ಮಾ," ಎಂದಳು. ದನಿ ಸಣ್ಣಗಾಗಿತ್ತು. "ಈ ಶುಕ್ರವಾರ ಬರ್ಲಾ?"

"ಬಾ," ಎಂದೆ.

ಫೋನಿಟ್ಟು, ಗಂಡನ ಕೈ ಹಿಡಿದು ಎದ್ದು, ಮೇಲೆ ಹೋದೆ. ಅವಳ ರೂಮು ಹದವಾಗಿ ಬೆಚ್ಚಗಿತ್ತು. ಮೂರರಲ್ಲಿದ್ದ ನಾಬನ್ನು ನಕ್ಷತ್ರಕ್ಕೆ ತಿರುಗಿಸಿದೆ, ಕಿಟಕಿಯನ್ನೂ ಒಂದಿಷ್ಟು ತೆರೆದಿಟ್ಟು ಕೆಳಗೆ ಬಂದೆ.