ಗಂಡಸರ ಎದೆಯ ಗಂಟು, ತಾಯಲೂರಿನ ಆದಿಲಕ್ಷ್ಮಿ

ತಾಯಲೂರಿನ ಹಿಪ್ಪುನೇರಳೆ ತೋಟದಲ್ಲಿ ಇನ್ನೂ ಇಬ್ಬನಿ ಆರಿಲ್ಲ. ದೇವರ ದೀಪ ಹಚ್ಚಿ ಹೊರಟ ಆಶಾ ಕಾರ್ಯಕರ್ತೆ ಆದಿಲಕ್ಷ್ಮಿ, ಸೊಪ್ಪು ಕೊಯ್ಯುತ್ತಿರುವ ರೈತ ಚನ್ನರಾಯಪ್ಪನವರನ್ನು ತಗ್ಗಿದ ದನಿಯಲ್ಲಿ ಕೇಳುತ್ತಿದ್ದಾರೆ: ಮೊಲೆತೊಟ್ಟಿನ ಹಿಂದೆ ಗಟ್ಟಿ ಗಂಟೇನಾದರೂ ಕೈಗೆ ಸಿಗುತ್ತದೆಯೇ? ತೊಟ್ಟು ಒಳಕ್ಕೆ ಎಳೆದುಕೊಂಡಿದೆಯೇ?

"ಅದು ಹೆಂಗಸ್ರ ಕಾಯ್ಲೆ ಅಲ್ವೇನಮ್ಮಾ?" ಆತ ನಗುತ್ತಾರೆ.

"ಗಂಡಸ್ರಿಗೂ ಬರುತ್ತಣ್ಣ. ಅಪರೂಪ. ಅದಕ್ಕೇ ಯಾರೂ ನೋಡ್ಕೊಳಲ್ಲ."

ಇದು ಶುರುವಾದದ್ದು ಸುಬ್ಬರಾಯಪ್ಪ ಎಂಬ ರೈತರಿಂದ. ಹೆಂಡತಿಗೂ ಹೇಳದ ಗಂಟನ್ನು ಆತ ಆದಿಲಕ್ಷ್ಮಿಗೆ ಹೇಳಿಕೊಂಡರು. ಕೋಲಾರದ ಆಸ್ಪತ್ರೆಗೆ ಇವರೇ ಕರೆದೊಯ್ದರು. ಅದು ಕ್ಯಾನ್ಸರ್ ಅಲ್ಲವೆಂದು ತಿಳಿಯಿತು. ಆಮೇಲೆ ಬೇರೆ ಗಂಡಸರೂ ಒಬ್ಬೊಬ್ಬರೇ ಬಂದರು. ಸ್ಕ್ಯಾನ್ ಮಾಡುವುದು, ಸೂಜಿ ಹಾಕಿ ಪರೀಕ್ಷಿಸುವುದು ವೈದ್ಯರ ಕೆಲಸ. ನಾಚಿಕೆಯನ್ನು ದಾಟಿಸಿ ಅಲ್ಲಿಯವರೆಗೆ ತಲುಪಿಸುವುದು ಇವರದು.

ಆದರೆ ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವವರಲ್ಲ, ಗಂಡನಿಗೂ ಇಲ್ಲ. ಪತಿ ಕೋದಂಡರಾಮಪ್ಪನವರನ್ನು ಸುಟ್ಟದ್ದು ಅದೇ. ಫೋನು ಬಂದು ಹೆಂಡತಿ ಅಂಗಳಕ್ಕೆ ಹೋದರೆ ಅವರ ಕೈಯಲ್ಲಿನ ತುತ್ತು ತಟ್ಟೆಗೇ ಬೀಳುತ್ತಿತ್ತು. "ಯಾವನೇ ಅವ್ನು, ನನ್ ಮುಂದೆ ಆಡಕ್ಕಾಗ್ದಿರೋ ಮಾತು?"

ಯುಗಾದಿಯಂದು ಎಣ್ಣೆ ಹಚ್ಚಲು ಹೋದರೆ ಬಟ್ಟಲನ್ನು ಕಿತ್ತುಕೊಂಡು ಬಚ್ಚಲ ಅಗುಳಿ ಹಾಕಿಕೊಂಡರು. "ಕೋಪ ಅಂದ್ಕೊಂಡೆ. ನಾನೂ ಮುಖ ಬಿಗಿದ್ಕೊಂಡೇ ಇದ್ದೆ," ಎನ್ನುತ್ತಾರೆ ಆದಿಲಕ್ಷ್ಮಿ.

ಕೊನೆಗೊಂದು ದಿನ ಹೆಂಡತಿಯನ್ನು ಹಿಡಿದೇ ಬಿಡಬೇಕೆಂದು ಬೇರೆ ಬಸ್ಸು ಹತ್ತಿ ಕೋಲಾರಕ್ಕೆ ಹಿಂದೆಯೇ ಹೋದರು. ಸ್ಕ್ಯಾನಿಂಗ್ ಕೋಣೆಯ ಮುಂದೆ, ಹೆಂಗಸರ ಸಾಲಿನಲ್ಲಿ, ಒಬ್ಬ ಗಂಡಸು ಟವೆಲ್ ಹೊದ್ದು ತಲೆ ತಗ್ಗಿಸಿ ಕೂತಿದ್ದ. ಯಾರ ಕಣ್ಣಿಗೂ ಬೀಳದಂತೆ ಆದಿಲಕ್ಷ್ಮಿ ಅವನಿಗೆ ಅಡ್ಡ ನಿಂತಿದ್ದರು. ಆತ ಒಳಗೆ ಹೋಗುವವರೆಗೂ ಕೋದಂಡರಾಮಪ್ಪ ಕಂಬದ ಮರೆಯಲ್ಲೇ ಇದ್ದರು. ಆಮೇಲೆ ಹತ್ತಿರ ಬಂದರು.

"ಲೇ ಆದಿ, ನಂದೂ ತೋರ್ಸು."

ದೀಪಾವಳಿಯಿಂದಲೂ ಎಡ ಎದೆಯಲ್ಲಿ ಗಂಟಿತ್ತು. ನೋವಿರಲಿಲ್ಲ. ಹೆಂಡತಿ ಯಾರ್ಯಾರ ಗುಟ್ಟು ಕಾಯುತ್ತಾಳೋ ಆ ಗಂಡಸರ ಪೈಕಿ ತಾನೂ ಒಬ್ಬನಾಗಲಾರೆ ಎಂಬ ಹಟಕ್ಕೆ, ಎಣ್ಣೆ ಹಚ್ಚುವ ಕೈಗೂ ಅದನ್ನು ಮುಟ್ಟಗೊಟ್ಟಿರಲಿಲ್ಲ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಬೇರೆಡೆ ಹರಡಿರಲಿಲ್ಲ. ಆಪರೇಷನ್ ಆಗಿ, ಈಗ ಮಾತ್ರೆ ನುಂಗುತ್ತಿದ್ದಾರೆ.

ಈಗ ಬೈಕಿನಲ್ಲಿ ಹೆಂಡತಿಯನ್ನು ಊರೂರಿಗೆ ಕರೆದೊಯ್ಯುವವರು ಅವರೇ. ಅರಳಿಕಟ್ಟೆಯಲ್ಲಿ ಕೂತು ಅಂಗಿಯ ಗುಂಡಿ ಬಿಚ್ಚಿ ಗಾಯದ ಗುರುತು ತೋರಿಸುತ್ತಾರೆ. ಗಂಡಸರು ಸುತ್ತ ಸೇರುತ್ತಾರೆ, ಹೆಗಲಿಗೆ ಹೆಗಲು ತಾಗಿಸಿ ಪಿಸುಗುಡುತ್ತಾರೆ. ಆಗ ಆದಿಲಕ್ಷ್ಮಿ ದೂರದಲ್ಲೇ ನಿಲ್ಲಬೇಕು.

"ಎಲ್ಲ ಅವ್ರಿಗೇ ಹೇಳ್ಕೊತಾರೆ. ಏನಂದ್ರು ಅಂತ ಕೇಳಿದ್ರೆ ನಂಗೂ ಬಾಯಿ ಬಿಡಲ್ಲ," ಎಂದು ಸೆರಗು ಸರಿಪಡಿಸಿಕೊಳ್ಳುತ್ತಾರೆ. "ಹೊಟ್ಟೆ ಉರಿಯುತ್ತೆ ಸ್ವಾಮಿ. ಉರೀಲಿ ಬಿಡಿ. ಅವ್ರಿದಾರಲ್ಲ."