ಹಿಂದಿನಿಂದ ಐದು ಜನ

ಆ ದಿನಗಳಲ್ಲಿ, ಅಂದರೆ ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ, ಹಳೇಬೀಡಿನ ಪಕ್ಕದ ನಮ್ಮ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಟೀಮು ಆರಿಸುವುದು ಬಲು ಸುಲಭದ ಕೆಲಸವಾಗಿತ್ತು. ಬೆಳಗಿನ ಪ್ರಾರ್ಥನೆಗೆ ಕುಳ್ಳರು ಮುಂದೆ, ಉದ್ದದವರು ಹಿಂದೆ ಸಾಲಾಗಿ ನಿಲ್ಲುತ್ತಿದ್ದೆವಲ್ಲ, ಅದು ಮುಗಿದ ಮೇಲೆ ಪಿ.ಟಿ. ಮೇಷ್ಟ್ರು ರಂಗಪ್ಪನವರು ಒಂಬತ್ತನೇ ಕ್ಲಾಸಿನ ಸಾಲಿನ ಕೊನೆಗೆ ಬಂದು, "ಹಿಂದಿಂದ ಐದು ಜನ ಈಚೆಗೆ ಬನ್ರೋ" ಎನ್ನುತ್ತಿದ್ದರು. ಅಲ್ಲಿಗೆ ಟೀಮು ತಯಾರು.

ಮೇಷ್ಟ್ರು ಮೂಲತಃ ವಾಲಿಬಾಲಿನವರು. ಕೈಯೆತ್ತಿದರೆ ನೆಟ್ಟಿನ ಮೇಲೆ ಬೆರಳು ಕಾಣದವನು ಆಟಗಾರನೇ ಅಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಯಾರೋ ಪುಣ್ಯಾತ್ಮರು ಶಾಲೆಗೆ ಎರಡು ಕಂಬ, ಎರಡು ಬೋರ್ಡು, ಎರಡು ಕಬ್ಬಿಣದ ರಿಂಗು ದಾನ ಕೊಟ್ಟಿದ್ದರಿಂದ ಈ ಹೊಸ ಆಟ ಅವರ ತಲೆಗೆ ಬಿದ್ದಿತ್ತು. ನೆಲ ಮಣ್ಣಿನದು, ಮಳೆಗಾಲದಲ್ಲಿ ದನಗಳ ಗೊರಸು ಹೂತು ಗುಂಡಿ ಬೀಳುತ್ತಿದ್ದ ಜಾಗ. ಚೆಂಡು ಪುಟಿಸಿದರೆ ಎತ್ತಲೋ ಹೋಗುತ್ತಿತ್ತು. ಹಾಗಾಗಿ ನಾವು ಪುಟಿಸುವ ಗೋಜಿಗೇ ಹೋಗದೆ ತಲೆಯ ಮೇಲಿಂದಲೇ ಒಬ್ಬರಿಗೊಬ್ಬರು ಎಸೆದುಕೊಂಡು ಆಡುತ್ತಿದ್ದೆವು. ನಾನು ಹಿಂದಿನಿಂದ ಐದನೆಯವನು. ಆ ವರ್ಷ ಎರಡು ಬೆರಳಷ್ಟು ಬೆಳೆದು, ಕೂದಲೆಳೆಯಲ್ಲಿ ಟೀಮಿಗೆ ಸೇರಿದ್ದೆ. ನಂಬರಿನ ನೀಲಿ ಬನಿಯನ್ನನ್ನು ಮನೆಯಲ್ಲೂ ಬಿಚ್ಚುತ್ತಿರಲಿಲ್ಲ.

ಸಿದ್ಧಾರ್ಥ ಅದೇ ಸಾಲಿನಲ್ಲಿ ಮುಂದಿನಿಂದ ಎರಡನೆಯವನು. ಅವನ ಅಪ್ಪ ಹಗರೆ ಕಡೆಯ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಅವರ ನಡುಮನೆಯ ಗೋಡೆಯಲ್ಲಿ ಬುದ್ಧನ ಚಿತ್ರ, ಹಿತ್ತಿಲಲ್ಲಿ ಒಂದು ಸೀಮೆಹಸು. ಬುದ್ಧ ಪೂರ್ಣಿಮೆಯ ದಿನ ಅವನ ಅಮ್ಮ ಮಾಡುತ್ತಿದ್ದ ಪಾಯಸದ ಏಲಕ್ಕಿ ಘಮಕ್ಕೆ ನಾವು ಕರೆಯದೆಯೂ ಹೋಗಿ ಜಗುಲಿಯಲ್ಲಿ ಕೂರುತ್ತಿದ್ದೆವು. ಸಂಜೆ ಡೈರಿಗೆ ಹಾಲು ಹಾಕಿ ಬರುವುದು ಸಿದ್ದುವಿನ ಕೆಲಸ. ಶಾಲೆಯವರು ಮೂಲೆಗೆ ಹಾಕಿದ್ದ, ಸವೆದು ಬೋಳಾದ ಒಂದು ಚೆಂಡನ್ನು ರಂಗಪ್ಪ ಮೇಷ್ಟ್ರನ್ನು ಕೇಳಿ ಪಡೆದಿದ್ದ. ಬಲಗೈಯಲ್ಲಿ ಮುಚ್ಚಳ ಕಳೆದುಹೋದ ಹಾಲಿನ ಕ್ಯಾನು, ಎಡಗೈಯಲ್ಲಿ ಚೆಂಡು. ಮನೆಯಿಂದ ಡೈರಿಯವರೆಗೆ ಪುಟಿಸಿಕೊಂಡೇ ಹೋಗುತ್ತಿದ್ದ.

ಮೊದಮೊದಲು ಅರ್ಧ ಹಾಲು ಚಡ್ಡಿಯ ಮೇಲಿರುತ್ತಿತ್ತು. "ನಾನು ಹಾಲು ಕರೆಯೋದು ರೋಡಿಗೆ ಕುಡಿಸೋಕೇನೋ?" ಎಂದು ಅವನ ಅಮ್ಮ ಬೈಯುತ್ತಿದ್ದರು. ಬರಬರುತ್ತ ಅವನ ಸೊಂಟದ ಮೇಲಿನ ಭಾಗ ಅಲುಗುವುದೇ ನಿಂತುಹೋಯಿತು. ಎಡಗೈ ಮಾತ್ರ ಕೆಳಗೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಎದುರಿಗೆ ಎತ್ತಿನಗಾಡಿ ಬರಲಿ, ನಾಯಿ ಅಡ್ಡ ಬರಲಿ, ಅವನು ಚೆಂಡಿನ ಕಡೆ ನೋಡುತ್ತಲೇ ಇರಲಿಲ್ಲ. ಡೈರಿ ಮುಂದಿನ ಟೀ ಅಂಗಡಿಯಲ್ಲಿ ಕೂತಿರುತ್ತಿದ್ದ ರಂಗಪ್ಪ ಮೇಷ್ಟ್ರು ಅವನನ್ನು ಕಂಡು ನಗುತ್ತಿದ್ದರು.

ಅವನ ಅಪ್ಪ ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದರು. "ಈ ವರ್ಷ ಟೀಮಿಗೆ ಸೇರಿಸ್ಕೊಂಡ್ರೆ ಆಡು. ಇಲ್ಲಾಂದ್ರೆ ಆ ಚೆಂಡು ಶಾಲೆಗೆ ವಾಪಸ್ ಕೊಟ್ಬಿಡು. ಬರೋ ವರ್ಷ ಎಸ್ಸೆಸ್ಸೆಲ್ಸಿ."

ಶ್ರಾವಣದಲ್ಲಿ ಅರಸೀಕೆರೆಯ ಪಂದ್ಯ ಗೊತ್ತಾಯಿತು. ಮೇಷ್ಟ್ರು ಎಂದಿನಂತೆ ಬಂದು ಐದು ಜನರನ್ನು ಈಚೆಗೆ ಕರೆದರು. ಆಗ ಸಿದ್ದು ಸಾಲಿನ ಮುಂದಿನಿಂದ ಹಿಂದಿನವರೆಗೆ, ಎಲ್ಲರೂ ನೋಡುತ್ತಿರುವಂತೆ ನಡೆದು ಬಂದ.

"ಸಾರ್, ನಾನೂ ಆಡ್ತೀನಿ."

"ಲೇ, ರಿಂಗು ಅಷ್ಟು ಮೇಲೈತೆ. ಏಣಿ ತರ್ತೀಯೇನೋ?"

"ಚೆಂಡು ಬಾಳ ಹೊತ್ತು ಕೆಳಗೇ ಇರ್ತೈತಲ್ಲ ಸಾರ್."

ಸಾಲೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಸಂಜೆ ಕ್ಯಾನು ತಗೊಂಡು ಬಾ" ಎಂದರು.

ಸಂಜೆ ಕ್ಯಾನಿನ ತುಂಬ ನೀರು ತುಂಬಿಸಿ ಅವನ ಬಲಗೈಗೆ ಕೊಟ್ಟರು. ಈ ರಿಂಗಿನಿಂದ ಆ ರಿಂಗಿನವರೆಗೆ ಅವನು ಪುಟಿಸಿಕೊಂಡು ಹೋಗಬೇಕು, ನಾವು ಐವರೂ ಚೆಂಡು ಕಿತ್ತುಕೊಳ್ಳಬೇಕು. "ನೀರು ಚೆಲ್ಲಿದ್ರೆ, ಇಲ್ಲಾ ಚೆಂಡು ಹೋದ್ರೆ, ಸುಮ್ನೆ ನಿನ್ ಜಾಗಕ್ಕೆ ಹೋಗಿ ನಿಂತ್ಕೋ" ಎಂದರು ಮೇಷ್ಟ್ರು. ನಾವು ಸಿಕ್ಕಾಪಟ್ಟೆ ಹುರುಪಿನಿಂದ ನುಗ್ಗಿದೆವು. ನಾವು ಬಗ್ಗುವಷ್ಟರಲ್ಲಿ ಚೆಂಡು ನಮ್ಮ ಮೊಣಕಾಲಿನ ಕೆಳಗೆ ಹಾದು ಆಚೆ ಹೋಗಿರುತ್ತಿತ್ತು. ನಾನು ಅವನ ಮೇಲೆ ಬೀಳಲು ಹೋಗಿ ಒದ್ದೆ ಮಣ್ಣಿನಲ್ಲಿ ಮಕಾಡೆ ಬಿದ್ದೆ. ತಲೆ ಎತ್ತಿ ನೋಡಿದರೆ ಸಿದ್ದು ಆ ಕಡೆಯ ರಿಂಗಿನ ಕೆಳಗೆ ನಿಂತಿದ್ದ. ಕ್ಯಾನಿನ ಅಂಚಿನಿಂದ ಸ್ವಲ್ಪ ನೀರು ಚೆಲ್ಲಿತ್ತು. ಮೇಷ್ಟ್ರು ಅದನ್ನು ನೋಡದವರ ಹಾಗೆ ಆಕಾಶ ನೋಡಿದರು.

ಆಮೇಲೆ ನಮ್ಮ ಐವರ ಕಡೆ ತಿರುಗಿದರು. "ಲೋಕೇಶ, ನಿನ್ ಬನೀನು ಅವನಿಗೆ ಕೊಟ್ಬಿಡು ಕಣೋ."

ಐದನೆಯವನು ನಾನೇ ತಾನೇ. ಆ ರಾತ್ರಿ ಮುದ್ದೆ ಮುಂದೆ ಕೂತು ಗೊಳೋ ಎಂದು ಅತ್ತೆ. "ಅವನೇನು ಕದ್ದವ್ನೇನ್ಲಾ? ಆಡಿ ತಗೊಂಡವ್ನೆ" ಎಂದಳು ಅವ್ವ. ಅದು ನಿಜವಾಗಿದ್ದರಿಂದ ಇನ್ನೂ ಜಾಸ್ತಿ ಅಳು ಬಂತು.

ಆ ವಾರವೆಲ್ಲ ಸಿದ್ದುವಿನ ಜೊತೆ ಮಾತು ಬಿಟ್ಟಿದ್ದೆ. ಒಂದು ಮಧ್ಯಾಹ್ನ ಅವನೇ ಕೆಂಡದಲ್ಲಿ ಸುಟ್ಟ ಆಲೂಗಡ್ಡೆ, ಉಪ್ಪು, ಖಾರದಪುಡಿ ಪೇಪರಿನಲ್ಲಿ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕೂತ. ಬೇಜಾರಾಯ್ತಾ ಎಂದು ಕೇಳಲಿಲ್ಲ. "ಲೋಕಿ, ಮಂಜನಿಗೆ ಚೆಂಡು ಎದೆ ಮಟ್ಟಕ್ಕೆ ಕೊಡ್ಬೇಕಾ, ತಲೆ ಮೇಲೆ ಕೊಡ್ಬೇಕಾ? ನಿನಗೆ ಗೊತ್ತಲ್ಲ" ಎಂದ. ಮಂಜ ನಮ್ಮ ಸಾಲಿನ ಕಟ್ಟಕಡೆಯವನು, ಎಲ್ಲರಿಗಿಂತ ಉದ್ದ. ಉಳಿದವರ ಬಗ್ಗೆಯೂ ಒಬ್ಬೊಬ್ಬರದಾಗಿ ಕೇಳಿ ತಿಳಿದುಕೊಂಡ. ಬಾಯಿ ಸುಟ್ಟುಕೊಳ್ಳುತ್ತ ಆಲೂಗಡ್ಡೆ ತಿಂದೆ, ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಟೀಮಿನಲ್ಲಿದ್ದಾಗ ನನಗೆ ಯಾರನ್ನೂ ಹಾಗೆ ಕೇಳಬೇಕು ಅನ್ನಿಸಿರಲಿಲ್ಲ.

ಆಟ ನೋಡಲು ಟೀಮಿನ ಜೊತೆ ನಾನೂ ಅರಸೀಕೆರೆಗೆ ಹೋದೆ. ಅಲ್ಲಿ ಸಿಮೆಂಟಿನ ನೆಲ. ಗಾಳಿ ಬೀಸಿದಾಗಲೆಲ್ಲ ಮಂಡಿ ಕಡೆಯಿಂದ ಒಣಕೊಬ್ಬರಿಯ ವಾಸನೆ ಬರುತ್ತಿತ್ತು. ನನ್ನ ಬನಿಯನ್ನು ಸಿದ್ದುವಿಗೆ ಮೊಣಕಾಲಿನವರೆಗೆ ಇಳಿದಿತ್ತು. ಎದುರು ಟೀಮಿನವರು ಅದನ್ನು ನೋಡಿ ಕಿಸಕ್ಕನೆ ನಕ್ಕರು. ಅವನು ಒಂದು ಸಲ ಚೆಂಡನ್ನು ನೆಲಕ್ಕೆ ಬಡಿದ. ನೆಟ್ಟಗೆ ಎದ್ದು ಅಂಗೈಗೆ ಬಂತು. ಅವನ ಮುಖ ಅರಳಿದ್ದು ದೂರದಲ್ಲಿ ಕೂತ ನನಗೂ ಕಂಡಿತು. ಗುಂಡಿ ಇಲ್ಲದ ನೆಲದಲ್ಲಿ ಅವನು ಆಡುತ್ತಿದ್ದದ್ದು ಅದೇ ಮೊದಲು.

ಎದುರಿನವರಲ್ಲಿ ಇಬ್ಬರು ಅವನಿಗೇ ಅಂಟಿಕೊಂಡರು. ಸಿದ್ದು ಅವರ ನಡುವೆ ನುಸುಳಿ ಬಂದು, ಮಂಜನಿಗೆ ಎದೆ ಮಟ್ಟಕ್ಕೆ, ಇನ್ನೊಬ್ಬನಿಗೆ ತಲೆ ಮೇಲೆ, ಅವರವರಿಗೆ ಹೇಗೆ ಬೇಕೋ ಹಾಗೆ ಚೆಂಡು ಕೊಡುತ್ತಿದ್ದ. ನಮ್ಮ ಉದ್ದದವರು ಕೈಯೆತ್ತಿ ರಿಂಗಿಗೆ ಹಾಕಿದರೆ ಸಾಕಾಗಿತ್ತು. ನಾನು ಯಾವಾಗ ಎದ್ದು ನಿಂತೆನೋ, ಯಾವಾಗ ಕೂಗಲು ಶುರು ಮಾಡಿದೆನೋ ಗೊತ್ತಿಲ್ಲ. ಅಷ್ಟು ಚೆಂದದ ಆಟವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಗಿ ಉರಿಯುತ್ತಿತ್ತು.

ಪಕ್ಕದಲ್ಲಿ ಯಾರೋ, "ನಮ್ಮವನು ಒಂದೂ ರಿಂಗಿಗೆ ಹಾಕ್ಲಿಲ್ವಲ್ಲಪ್ಪ" ಎಂದರು. ಸಿದ್ದುವಿನ ಅಪ್ಪ. ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದರು.

"ಸಾರ್, ಹಾಕ್ಸಿದ್ದೆಲ್ಲ ಅವನೇ" ಎಂದೆ.

ಅವರು ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ಅವರೂ ಬರೀ ಚೆಂಡನ್ನು ನೋಡುವುದು ಬಿಟ್ಟು ಮಗನನ್ನು ನೋಡತೊಡಗಿದರು. ಆ ಪಂದ್ಯ ಗೆದ್ದೆವು, ಮಧ್ಯಾಹ್ನದ ಪಂದ್ಯ ಸೋತೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನ ಅಪ್ಪ ರಂಗಪ್ಪ ಮೇಷ್ಟ್ರಿಗೆ, "ಮುಂದಿನ ವರ್ಷಾನೂ ಆಡ್ಲಿ ಬಿಡಿ. ಓದ್ಸೋದು ನಾನು ನೋಡ್ಕೋತೀನಿ" ಎಂದರು. ಆಗ ಸಿದ್ದು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಈಗ ಆ ಶಾಲೆಯಲ್ಲಿ ಸಿಮೆಂಟಿನ ಅಂಕಣ ಆಗಿದೆ. ಟೀಮು ಆರಿಸುವುದಕ್ಕೂ ಪದ್ಧತಿ ಪ್ರಕಾರ ಟ್ರಯಲ್ಸು ನಡೆಯುತ್ತದಂತೆ, ಸಂತೋಷ. ಕಳೆದುಹೋದದ್ದೇನಾದರೂ ಇದ್ದರೆ ಅದು ನನ್ನೊಳಗಿನದು. ನೌಕರಿಗೆ ಸೇರಿದ ಮೇಲೆ, ನನಗೆ ಬರಬೇಕಾಗಿದ್ದ ಕುರ್ಚಿಗೆ ಬೇರೆಯವರು ಬಂದು ಕೂತದ್ದು ಎಷ್ಟೋ ಸಲ. ಅವರಲ್ಲಿ ಒಬ್ಬಿಬ್ಬರು ನಿಜಕ್ಕೂ ನನಗಿಂತ ಚೆನ್ನಾಗಿ ಕೆಲಸ ಬಲ್ಲವರು. ಹಾರ ಹಾಕಿದ್ದೇನೆ, ಕೈ ಕುಲುಕಿದ್ದೇನೆ, ಸ್ವೀಟು ತಿಂದಿದ್ದೇನೆ. ಆದರೆ ನನ್ನ ಜಾಗದಲ್ಲಿ ನಿಂತವನ ಆಟ ನೋಡಿ, ಜಾಗ ಹೋದದ್ದನ್ನೇ ಮರೆತು ಎದ್ದು ನಿಂತಿದ್ದು ಅದೊಂದೇ ಸಲ.