ಕಾಗದದ ಮೇಲೆ ಇಪ್ಪತ್ತೈದು ಗಂಟೆ

ಇಟಲಿಯ ಬಾರಿ ನಗರದಲ್ಲಿ, ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮ ಕಾರ್ಮಿಕ ಸಂಘದ ಕಚೇರಿ ಇದೆ. ಹದಿನಾರು ವರ್ಷದಿಂದ ನಾನು ಅಲ್ಲಿ ಬೇರೆಯವರ ಅರ್ಜಿ ತುಂಬುತ್ತ ಕೂತಿದ್ದೇನೆ. ಗುರುವಾರ ಮಧ್ಯಾಹ್ನ ಬರುವವರೆಲ್ಲ ಜಾರ್ಜಿಯಾದ ಹೆಂಗಸರು. ಇಲ್ಲಿಯವರ ಮನೆಗಳಲ್ಲೇ ಇದ್ದು ಮುದುಕರನ್ನು ನೋಡಿಕೊಳ್ಳುವ ಅವರಿಗೆ ವಾರದ ನಡುವೆ ಅದೊಂದು ಅರ್ಧ ದಿನ ಬಿಡುವು. ಲಮಾರಾ ಮೊದಲ ಸಲ ಬಂದದ್ದೂ ಅಂಥದೇ ಒಂದು ಗುರುವಾರ, ಫೆಬ್ರವರಿಯ ಕೊನೆಯಲ್ಲಿ. ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತವಳು ತನ್ನ ಸರದಿ ಬಂದರೂ ಹಿಂದಿನವರನ್ನು ಮುಂದೆ ಬಿಡುತ್ತಿದ್ದಳು. ಮೂವರನ್ನು ಬಿಟ್ಟ ಮೇಲೆ ನಾನೇ ಕರೆದೆ.

ಅವಳು ಚಿಯಾತುರಾ ಎಂಬ ಗಣಿ ಊರಿನವಳು. ಕೆಲಸ ಹುಡುಕಿಕೊಂಡು ರಷ್ಯಾಕ್ಕೆ ಹೋದ ಗಂಡ ತಿರುಗಿ ನೋಡಲಿಲ್ಲ. ಎಂಟು ವರ್ಷದ ಮಗಳು ಖಾತಿಯಾಳನ್ನು ತಾಯಿಯ ಮಡಿಲಿಗೆ ಹಾಕಿ ಬಾರಿಗೆ ಬಂದಳು. ಎರಡು ವರ್ಷ ಎಂದುಕೊಂಡದ್ದು ಒಂಬತ್ತಾಯಿತು. ಮೊದಲ ಐದು ವರ್ಷ ಕಾಗದಪತ್ರವಿಲ್ಲದೆ ಕಳೆದವು. ಅದು ಸಿಕ್ಕ ಮೇಲೂ ಊರಿಗೆ ಹೋದದ್ದು ಒಂದೇ ಸಲ, ಹತ್ತು ದಿನಕ್ಕೆ. ಆಗ ಹುಡುಗಿಗೆ ಹದಿಮೂರು. ಈಗ ತಾಯಿ ತೀರಿಕೊಂಡಿದ್ದರು, ಹುಡುಗಿ ಸೋದರಮಾವನ ಅಡುಗೆಮನೆಯಲ್ಲಿ ಮಲಗುತ್ತಿದ್ದಳು.

ಮಗಳನ್ನು ಕರೆಸಿಕೊಳ್ಳಬೇಕೆಂದರೆ ಸರ್ಕಾರಕ್ಕೆ ತಕ್ಕಷ್ಟು ವರಮಾನ ತೋರಿಸಬೇಕು, ಇರುವುದಕ್ಕೆ ತಕ್ಕ ಜಾಗ ತೋರಿಸಬೇಕು. ಅದೂ ಮಗುವಿಗೆ ಹದಿನೆಂಟು ತುಂಬುವ ಮೊದಲೇ ಅರ್ಜಿ ಬೀಳಬೇಕು. ಖಾತಿಯಾಳಿಗೆ ಹದಿನೆಂಟು ತುಂಬುವುದು ಮೇ ನಾಲ್ಕಕ್ಕೆ.

ಲಮಾರಾಳ ಕೆಲಸದ ಕರಾರು ತೆಗೆದು ನೋಡಿದೆ. ವಾರಕ್ಕೆ ಇಪ್ಪತ್ತೈದು ಗಂಟೆ ಎಂದಿತ್ತು. ವರ್ಷಕ್ಕೆ ಏಳು ಸಾವಿರ ಯೂರೊ ಚಿಲ್ಲರೆ. ಬೇಕಾದದ್ದು ಹತ್ತೂವರೆ ಸಾವಿರದ ಹತ್ತಿರ.

ನಿಜವಾಗಿ ಎಷ್ಟು ಹೊತ್ತು ಕೆಲಸ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಅಜ್ಜಿ ಎದ್ದಾಗಿಂದ ಮಲಗೋವರೆಗೆ ಅಕ್ಕ. ಮಲಗಿದ ಮೇಲೂ ಕರೀತಾರೆ."

ಉಳಿದ ಸಂಬಳ ಕೈಗೆ ಬರುತ್ತಿತ್ತು, ಲೆಕ್ಕಕ್ಕೆ ಸಿಗದ ಹಾಗೆ. ಈ ಊರಿನಲ್ಲಿ ಅರ್ಧಕ್ಕರ್ಧ ಮನೆಗಳ ಕಥೆಯೂ ಇದೇ. ಗಂಟೆಗಳನ್ನು ಇದ್ದ ಹಾಗೆ ಬರೆಸಿಕೊಂಡು ಬಾ ಎಂದು ಕಳಿಸಿದೆ.

ಅವಳು ನೋಡಿಕೊಳ್ಳುತ್ತಿದ್ದ ಅಜ್ಜಿಯ ಹೆಸರು ಅದ್ದೊಲೊರಾತಾ. ತೊಂಬತ್ತೊಂದು ವರ್ಷ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಮನೆ ಅವಳದು, ಕರಾರಿನ ಯಜಮಾನಿಯೂ ಅವಳೇ. ಆದರೆ ವ್ಯವಹಾರವೆಲ್ಲ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮಗ ಒರೊಂಜೊನದು. ಒಂಬತ್ತು ವರ್ಷದಲ್ಲಿ ಲಮಾರಾ ಅವನನ್ನು ಏನೂ ಕೇಳಿದವಳಲ್ಲ. ಕೇಳುವುದಕ್ಕೆ ಧೈರ್ಯ ಬರಲು ಹನ್ನೆರಡು ದಿನ ಬೇಕಾಯಿತಂತೆ.

ಅವನು ಕೂಗಾಡಲಿಲ್ಲ, ಕಾಫಿ ಕೊಟ್ಟು ಕೂರಿಸಿದ.

"ನೀನು ನಮ್ಮ ಮನೆಯವಳ ಹಾಗೇ ಕಣಮ್ಮ, ಇಲ್ಲ ಅಂತ ಹೆಂಗೆ ಹೇಳ್ಲಿ? ಆದ್ರೆ ಗಂಟೆ ಜಾಸ್ತಿ ತೋರ್ಸಿದ್ರೆ ಸರ್ಕಾರಕ್ಕೆ ಕಟ್ಟೋದೂ ಜಾಸ್ತಿ ಆಗುತ್ತೆ. ಆ ಹೆಚ್ಚಿನ ದುಡ್ಡು ನೀನು ಕೊಡು, ಅಮ್ಮನ ಸಹಿ ನಾನು ಹಾಕಿಸ್ತೀನಿ."

ಕೆಲಸದವರ ಹೆಸರಿನಲ್ಲಿ ಯಜಮಾನರು ಸರ್ಕಾರಕ್ಕೆ ಕಟ್ಟಬೇಕಾದ ವಂತಿಗೆಯನ್ನು ಕೆಲಸದವಳಿಂದ ಕೀಳುವುದು ಅಪರಾಧ. ಲಮಾರಾ ಈ ಮಾತನ್ನು ಆಗ ನನಗೆ ತಿಳಿಸಲಿಲ್ಲ; ತಿಳಿಸಿದರೆ ನಾನು ತಡೆಯುತ್ತೇನೆಂದು ಅವಳಿಗೆ ಗೊತ್ತಿತ್ತು. ಹೊಸ ಕರಾರು ತಂದು ಮೇಜಿನ ಮೇಲಿಟ್ಟಳು: ಐವತ್ತನಾಲ್ಕು ಗಂಟೆ. ನಗರಸಭೆಯವರು ಬಂದು ಅಜ್ಜಿಯ ಮನೆ ಅಳೆದು ಮಗಳೂ ಇರಬಹುದೆಂದರು. ಏಪ್ರಿಲ್ ಇಪ್ಪತ್ತಮೂರಕ್ಕೆ ಅರ್ಜಿ ಹೋಯಿತು. ಗಡುವಿಗೆ ಹನ್ನೊಂದು ದಿನ ಉಳಿದಿತ್ತು. ನನಗೋ ದೊಡ್ಡ ಕೆಲಸ ಮಾಡಿದ ಹೆಮ್ಮೆ.

ಆಮೇಲೆ ಗುರುವಾರಗಳಲ್ಲಿ ಅವಳು ಕಾಣಿಸಲಿಲ್ಲ. ಅವಳ ದೇಶದ ಹೆಂಗಸರು ಕೂಡುವ ಪಾರ್ಕಿಗೂ ಬರುತ್ತಿಲ್ಲ, ಜಂಬ ಬಂದುಬಿಟ್ಟಿದೆ ಎಂದು ಅವರು ಆಡಿಕೊಂಡರು. ಒರೊಂಜೊನಿಗೆ ತಿಂಗಳಿಗೆ ಕೊಡಬೇಕಾದ ಇನ್ನೂರ ಮೂವತ್ತು ಯೂರೊ ಹೊಂದಿಸಲು ಅವಳು ಗುರುವಾರ, ಭಾನುವಾರ ಎರಡೂ ಬಿಡುವುಗಳಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕು ತೊಳೆಯುತ್ತಿದ್ದಳು. ಮಗಳಿಗೆ ಫೋನು ಮಾಡುತ್ತಿದ್ದದ್ದೂ ಆ ಹೊತ್ತಿನಲ್ಲೇ, ಅದೂ ತಪ್ಪಿತು. ಅಮ್ಮನಿಗೆ ಬೇಡವಾಗಿದ್ದೇನೆ ಎಂದು ಖಾತಿಯಾ ಮಾವನ ಮನೆಯಲ್ಲಿ ಅತ್ತಳಂತೆ.

ಜುಲೈನಲ್ಲಿ ಒಪ್ಪಿಗೆ ಬಂತು, ಸೆಪ್ಟೆಂಬರಿನಲ್ಲಿ ಹುಡುಗಿ ಬಂದಳು. ಲಮಾರಾ ಮಗಳಿಗೆಂದು ಹೊಸ ಬೂಟು ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಿದ್ದಳು. ಅದು ಮೂರು ಅಳತೆ ಚಿಕ್ಕದಾಯಿತು. ಐದು ವರ್ಷ ಫೋನಿನಲ್ಲಿ ಮುಖ ನೋಡಿದ್ದಳು, ಕಾಲು ನೋಡಿರಲಿಲ್ಲ.

ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ತಾಯಿ ಮಗಳು ಒಂದೇ ಮಂಚದಲ್ಲಿ ಮಲಗಿದರು. ಮಾತು ಮಾತ್ರ ಕುದುರಲಿಲ್ಲ. ಹುಡುಗಿಯ ಮಾತೆಲ್ಲ ಅಜ್ಜಿಯ ಜೊತೆ. ಇಟಾಲಿಯನ್ ಕಲಿಯಲೆಂದು ದಿನವೂ ಅದ್ದೊಲೊರಾತಾಗೆ ಪೇಪರು ಓದುತ್ತಿದ್ದಳು. ತಪ್ಪಿದರೆ ಅಜ್ಜಿ ಕೋಲಿನಿಂದ ನೆಲ ಕುಟ್ಟುವಳು. ಡಿಸೆಂಬರಿನ ಒಂದು ಬೆಳಗ್ಗೆ ಹುಡುಗಿ ಒಂದು ಪದದ ಅರ್ಥ ಕೇಳಿದಳು. ಪೇಪರಿನದಲ್ಲ; ಅಮ್ಮ ಪ್ರತಿ ತಿಂಗಳು ತನ್ನ ಲೆಕ್ಕದ ಪುಸ್ತಕದಲ್ಲಿ ಇನ್ನೂರ ಮೂವತ್ತರ ಮುಂದೆ ಬರೆಯುವ ಪದ. ವಂತಿಗೆ.

ಅಜ್ಜಿ ಅರ್ಥ ಹೇಳಿದಳು. ಭಾನುವಾರ ಮಗ ಊಟಕ್ಕೆ ಬಂದಾಗ, ತಟ್ಟೆಗೆ ಬಡಿಸುವ ಮೊದಲೇ ಕೇಳಿದಳು.

"ಒರೊಂಜೊ, ನನ್ನ ಪಿಂಚಣಿ ಸಾಲಲ್ಲ ಅಂತ ಲಮಾರಾ ಹತ್ರ ಭಿಕ್ಷೆ ಎತ್ತುತಿದ್ಯೇನೋ?"

"ಅಮ್ಮ, ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು."

"ನನ್ನ ಕುಂಡಿ ತೊಳೆಯೋಳು ಅವಳು. ಸಹಿ ನಂದು, ದುಡ್ಡೂ ನಂದೇ ಹೋಗ್ಲಿ. ನಾನಿನ್ನೂ ಸತ್ತಿಲ್ಲ."

ಅವನು ಊಟ ಮಾಡದೆ ಎದ್ದುಹೋದ. ಆ ತಿಂಗಳಿನಿಂದ ವಸೂಲಿ ನಿಂತಿತು. ಹಿಂದೆ ಕಿತ್ತುಕೊಂಡದ್ದನ್ನು ಅವನು ಕೊಡಲಿಲ್ಲ, ಇವಳು ಕೇಳಲಿಲ್ಲ. ಆಮೇಲೆ ಲಮಾರಾ ಮತ್ತೆ ನನ್ನ ಮೇಜಿಗೆ ಬಂದು ಎಲ್ಲ ಹೇಳಿದಳು. ನನಗೆ ಮುಖ ಎತ್ತಲಾಗಲಿಲ್ಲ. ಐವತ್ತನಾಲ್ಕು ಗಂಟೆ ಅಷ್ಟು ಸಲೀಸಾಗಿ ಹೇಗೆ ಬಂತೆಂದು ನಾನು ಅಂದು ಕೇಳಬಹುದಿತ್ತು, ಕೇಳಿರಲಿಲ್ಲ. ದೂರು ಕೊಡೋಣ ಎಂದೆ. ಬೇಡವೆಂದಳು. ಬರುವ ಮೇ ತಿಂಗಳಲ್ಲಿ ಪರವಾನಗಿ ನವೀಕರಿಸುವಾಗ ಮತ್ತೆ ಅದೇ ವರಮಾನ, ಅದೇ ಮನೆ ತೋರಿಸಬೇಕು. ಅಜ್ಜಿ ಹೋದರೆ ಅವೆರಡೂ ಒಂದೇ ದಿನ ಒರೊಂಜೊನ ಕೈಗೆ ಹೋಗುತ್ತವೆ.

ಈಗ ದಿನಕ್ಕೆ ಮೂರು ಸಲ ಅಜ್ಜಿಯ ರಕ್ತದೊತ್ತಡ ನೋಡುತ್ತಾಳಂತೆ. ಮೊದಲು ವಾರಕ್ಕೊಮ್ಮೆ ನೋಡುತ್ತಿದ್ದಳು.

"ಅಕ್ಕ, ನಮಗೋಸ್ಕರ ಮಗನ್ನೇ ಎದುರು ಹಾಕ್ಕೊಂಡೋರು ಅವರು. ಒಂದ್ಸಲ ನೋಡಿದ್ದು ಸಾಲ್ದೆ ತೋಳಿನ ಪಟ್ಟಿ ಬಿಚ್ಚಿ ಮತ್ತೆ ಕಟ್ತೀನಿ. ಅದು ಪ್ರೀತಿಗೋ, ಮೇ ತಿಂಗಳ ಭಯಕ್ಕೋ, ನಂಗೇ ತಿಳೀತಿಲ್ಲ."

ನವೀಕರಣದ ಅರ್ಜಿಯ ನಮೂನೆ ಕೊಟ್ಟೆ. ಮಡಚಿ ಕೈಚೀಲಕ್ಕಿಟ್ಟುಕೊಂಡಳು. ಬಾಗಿಲ ಹೊರಗೆ ಖಾತಿಯಾ ಕಾಯುತ್ತಿದ್ದಳು. ತಾಯಿಯ ಕೈಯಿಂದ ಚೀಲ ತೆಗೆದುಕೊಂಡು ತಾನೇ ಹೆಗಲಿಗೆ ಹಾಕಿಕೊಂಡಳು.